ಹತ್ತಕ್ಕೆ ಹನ್ನೆರಡು ತಲೆನೋವು

ನಮ್ಮ ಮನೆಯಲ್ಲಿ ಒಬ್ಬರ ತಲೆಗೆ ಪೆಟ್ಟು ಬಿದ್ದಿತ್ತು. ಯಾರ ತಲೆಗೆ ಎಂದು ಹೇಳದೆ ನಿಮ್ಮನ್ನು ಅರ್ಧ ಗಂಟೆ ನಮ್ಮ ನಡುಮನೆಯಲ್ಲಿ ಕೂರಿಸಿದ್ದರೆ, ನೀವು ಹಿಂದೆಮುಂದೆ ನೋಡದೆ ನನ್ನ ಸೋದರಮಾವನ ಕಡೆ ಬೆರಳು ತೋರಿಸುತ್ತಿದ್ದಿರಿ! ಆದರೆ ಅವರ ತಲೆ ಭದ್ರವಾಗಿದೆ. ಎಪ್ಪತ್ತೆರಡು ವರ್ಷಗಳಲ್ಲಿ ಹೊರಗಿನವರ ಒಂದು ಮಾತೂ ಅದರೊಳಗೆ ಹೊಕ್ಕಿಲ್ಲ ಎಂದ ಮೇಲೆ ಎಷ್ಟು ಭದ್ರ ಎಂದು ನೀವೇ ಊಹಿಸಿ.

ಪೆಟ್ಟು ಬಿದ್ದದ್ದು ನನ್ನ ಮಗಳಿಗೆ. ಪಿಯುಸಿ ಎರಡನೇ ವರ್ಷ, ಕಾಲೇಜಿನ ಕಬಡ್ಡಿ ತಂಡದ ರೈಡರ್. ಸೊರಬದಲ್ಲಿ ನಡೆದ ಪಂದ್ಯದಲ್ಲಿ ಎದುರಾಳಿಯ ಮೊಣಕಾಲು ಇವಳ ತಲೆಗೆ ಬಡಿಯಿತು. ಬಿದ್ದವಳ ಮೇಲೆ ಯಾರೋ ಒಂದು ಚೊಂಬು ತಣ್ಣೀರು ಸುರಿದು, "ಏನೂ ಆಗಿಲ್ಲ, ಏಳವ್ವ" ಎಂದು ಮತ್ತೆ ಆಟಕ್ಕೆ ದಬ್ಬಿದರು. ಏನೂ ಆಗಿಲ್ಲವೆಂದು ಚೊಂಬಿಗೆ ಹೇಗೆ ಗೊತ್ತು? ಎದ್ದವಳು "ಕಬಡ್ಡಿ ಕಬಡ್ಡಿ" ಎನ್ನುತ್ತ ಹೋಗಿ ತನ್ನದೇ ತಂಡದ ಹುಡುಗಿಯನ್ನು ಮುಟ್ಟಿದಳು. ಜನ ನಕ್ಕರು! ನಕ್ಕವರ ಮುಖಗಳು ಇಂದಿಗೂ ನನ್ನ ಕಣ್ಣ ಮುಂದಿವೆ. ಆ ಹೊತ್ತಿಗೆ ನಾನು ಹೊರಗೆ ಚಹಾ ಕುಡಿಯುತ್ತಿದ್ದೆ ಎಂದು ಹೆಂಡತಿ ಹೇಳುತ್ತಾಳೆ. ಇರಬಹುದು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಮನಃಶಾಸ್ತ್ರ ಓದಿ ನಾನು ಕಲಿತದ್ದೆಂದರೆ, ಕಣ್ಣಾರೆ ಕಂಡದ್ದನ್ನೂ ಅರ್ಧಕ್ಕರ್ಧ ಅನುಮಾನಿಸಬೇಕು ಎಂಬುದು. ಚಹಾ ಕುಡಿಯುತ್ತ ಕಂಡದ್ದನ್ನಂತೂ ಪೂರ್ತಿ.

ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಮಿದುಳು ಒಳಗೇ ಅಲುಗಿದೆ, ಇದಕ್ಕೆ ಕನ್ಕಷನ್ ಎನ್ನುತ್ತಾರೆ ಎಂದರು ವೈದ್ಯರು. ಒಂದೆರಡು ದಿನದ ವಿಶ್ರಾಂತಿಯಾದ ಮೇಲೆ ಕತ್ತಲೆ ಕೋಣೆಯಲ್ಲಿ ಮಲಗಿಸಿಡಬೇಡಿ. ಹದವಾಗಿ ನಡೆಸಿ, ನೋವು ಕೆರಳದ ಹಾಗೆ ಹಂತಹಂತವಾಗಿ ಏರಿಸಿ, ಎಲ್ಲ ಹಂತ ಮುಗಿದ ಮೇಲೆ ಆಟ ಎಂದರು. ನಿಗಾ ಇಡಲು ಮಂಗಳೂರು ಕಡೆಯ ಒಬ್ಬ ಫಿಜಿಯೋ ಮೇಡಂ. ವಾರಕ್ಕೆರಡು ಸಲ ಫೋನಿನ ವಿಡಿಯೋದಲ್ಲಿ ಬಂದು ವ್ಯಾಯಾಮ ಮಾಡಿಸುತ್ತಾರೆ. ಮಗಳಿಗೆ ಬೇಕಾಗಿದ್ದದ್ದು ಒಂದೇ: ಕಾಲೇಜಿನ ಕೊನೆಯ ವರ್ಷ, ಹೇಗಾದರೂ ತಂಡಕ್ಕೆ ಮರಳಬೇಕು.

ಅಷ್ಟರಲ್ಲಿ ಹೊಸಬಾಳೆಯಿಂದ ಶಿಕಾರಿಪುರದ ನಮ್ಮ ಮನೆಗೆ ಮಾವ ಬಂದಿಳಿದರು. ಒಂದು ಕೈಚೀಲ, ಸಾವಿರ ತಕರಾರು!

"ಫೋನಲ್ಲಿ ವ್ಯಾಯಾಮನ? ನಾಳೆ ಫೋನಲ್ಲೇ ಊಟ ಬಡಿಸ್ತಾರೆ, ಕೈ ತೊಳ್ಕಂಡು ಕೂತ್ಕ!"

"ಮಾವ, ವೈದ್ಯರೇ ಹೇಳಿದ್ದು."

"ವೈದ್ಯರು ಹೇಳ್ತಾರೆ ಮಾರಾಯ, ಅವರಿಗೇನು? ತಲೆ ಹುಡುಗೀದು."

ಈ ತರ್ಕಕ್ಕೆ ಯಾವ ವಿಶ್ವವಿದ್ಯಾಲಯದಲ್ಲಿ ಉತ್ತರ ಕಲಿಸುತ್ತಾರೆ?

ಜೋರು ಸದ್ದು ಅವಳಿಗೆ ಆಗುವುದಿಲ್ಲ ಎಂದು ತಿಳಿದ ಕೂಡಲೇ ಮಾವ ಅಡುಗೆಮನೆಯನ್ನು ವಶಪಡಿಸಿಕೊಂಡರು. ಕುಕ್ಕರ್ ಸೀಟಿ ಹೊಡೆಯಕೂಡದು! ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು, ಅದು ಬುಸ್ ಎಂದು ಉಸಿರೆಳೆಯುವಷ್ಟರಲ್ಲೇ ಉರಿ ಆರಿಸುತ್ತಿದ್ದರು. ಎಂಟು ದಿನ ನಾವು ಬೇಯದ ಬೇಳೆಯ ಸಾರು ಉಂಡೆವು. ಮಗಳ ತಲೆ ಹಗುರಾಯಿತೋ ಇಲ್ಲವೋ, ನನ್ನ ಹೊಟ್ಟೆ ಮಾತ್ರ ಭಾರವಾಯಿತು.

ವಿಡಿಯೋ ಶುರುವಾದರೆ ಪರದೆಯ ತುಂಬ ಮಾವನ ಹಣೆ. ಪಾಪ, ಮೇಡಂ ಎಷ್ಟು ಸಲ ಬೇಡಿಕೊಂಡರು!

"ಅಜ್ಜ, ನೀವು ಸ್ವಲ್ಪ ಆಚೆ ಹೋಗಿ, ಹುಡುಗಿ ಕಾಣುವುದಿಲ್ಲ."

"ಆಚೆ ಎಲ್ಲಿಗೆ ಹೋಗಲವ್ವ? ಇದು ನಮ್ಮನೆ. ನೀನೇ ಆಚೆ ಇರೋದು."

ನಡಿಗೆ ಅಂಜನಾಪುರದ ನಾಲೆಯ ಏರಿಯ ಮೇಲೆ. ಎದೆಬಡಿತ ಮಿತಿ ಮೀರಬಾರದೆಂದು ಮಗಳ ಕೈಗೆ ಗಡಿಯಾರದಂಥ ಪಟ್ಟಿ ಕಟ್ಟಿದ್ದೆವು. ಮಾವನಿಗೆ ಅದರ ಮೇಲೆ ಭರವಸೆಯಿಲ್ಲ. ಇನ್ನೊಂದು ಕೈಯ ನಾಡಿ ಹಿಡಿದುಕೊಂಡೇ ಪಕ್ಕದಲ್ಲಿ ನಡೆಯುವರು. ಎದುರು ಸಿಕ್ಕವರೆಲ್ಲ, "ಹುಡುಗೀನ ಎಲ್ಲಿಂದ ಹಿಡ್ಕಂಡು ಬಂದ್ರಿ ಅಜ್ಜಾರ?" ಎಂದು ಕೇಳುವುದು! ಹಾರನ್ ಹೊಡೆದ ಬೈಕಿನವನನ್ನು ನಿಲ್ಲಿಸಿ ಕಾಲು ಗಂಟೆ ಬೈದರು. ಆ ಬೈಗುಳ ಹಾರನ್ನಿಗಿಂತ ಜೋರಾಗಿತ್ತು.

ಇದೆಲ್ಲ ಸಹಿಸಬಹುದಿತ್ತು. ಆದರೆ ಆ ಅಂಕಿಯ ಸಂಗತಿ ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮೇಡಂ ಬಾರದ ದಿನಗಳಲ್ಲಿ, ನಡಿಗೆಗೆ ಮುಂಚೆ ತಲೆನೋವು ಹತ್ತರಲ್ಲಿ ಎಷ್ಟು, ಆಮೇಲೆ ಎಷ್ಟು ಎಂದು ಬರೆದು ಕಳಿಸಬೇಕು. ನಡೆದ ಮೇಲೆ ಎರಡಕ್ಕಿಂತ ಹೆಚ್ಚು ಏರಿದರೆ ಆ ಹಂತದಲ್ಲೇ ನಿಲ್ಲಬೇಕು. ಮಗಳು ಹೆಚ್ಚು ಹೊತ್ತು ಫೋನು ನೋಡುವಂತಿರಲಿಲ್ಲವಾಗಿ ಈ ಕೆಲಸ ಮಾವನ ಪಾಲಿಗೆ ಬಂತು. ದಿನವೂ ಎರಡು, ಐದು. ಮೂರು, ಆರು. ಮೂರು ವಾರವಾದರೂ ಹುಡುಗಿ ಮೊದಲ ಹಂತದಿಂದ ಅಲ್ಲಾಡಲಿಲ್ಲ. ನೋಡಿದರೆ ಗೆಲುವಾಗಿದ್ದಾಳೆ, ಅಂಕಿ ನೋಡಿದರೆ ರೋಗಿ! ನಾನು ಮೇಡಂ ಮೇಲೆ ಅನುಮಾನಪಟ್ಟೆ, ಫೋನಿನ ಮೇಲೆ ಪಟ್ಟೆ, ಇಡೀ ಚಿಕಿತ್ಸೆಯ ಮೇಲೆ ಪಟ್ಟೆ. ನಾಚಿಕೆಯಾಗುತ್ತದೆ, ಮಗಳೇ ನಟಿಸುತ್ತಿದ್ದಾಳೋ ಎಂದೂ ಅನುಮಾನಿಸಿದೆ. ಅಂಕಿಯನ್ನು ಮಾತ್ರ ಅನುಮಾನಿಸಲಿಲ್ಲ.

ಕೊನೆಗೊಂದು ಬೆಳಿಗ್ಗೆ ಮೇಡಂ, "ಹೀಗೇ ಆದರೆ ಈ ವರ್ಷ ಕಬಡ್ಡಿ ಬೇಡ ಅಂತ ಕಾಣ್ತದೆ" ಎಂದರು. ಮಗಳು ಕೋಣೆಗೆ ಹೋಗಿ ಮಧ್ಯಾಹ್ನದವರೆಗೆ ಅತ್ತಳು. ಅತ್ತು ಅತ್ತು ತಲೆ ಸಿಡಿಯತೊಡಗಿತು. ಮಾವ ಕೇಳಿ, ಅಂಕಿ ಬರೆದು ಕಳಿಸಿದರು. ಎರಡೇ ನಿಮಿಷಕ್ಕೆ ಮೇಡಂ ಕರೆ!

"ಅಜ್ಜ, ಹತ್ತಕ್ಕೆ ಹನ್ನೆರಡು ಹೇಗೆ ಮಾರಾಯ್ರೆ? ಅಷ್ಟು ಜೋರು ಉಂಟಾ? ಕೂಡ್ಲೇ ಆಸ್ಪತ್ರೆಗೆ ಹೊರಡಿ!"

"ಹತ್ತಕ್ಕೆ ಅಂತ ಯಾರು ಹೇಳಿದ್ರವ್ವ? ಹದಿನಾರಕ್ಕೆ ಹನ್ನೆರಡು. ಮುಕ್ಕಾಲು ಪಾಲು."

"ಹದಿನಾರು ಎಲ್ಲಿಂದ ಬಂತು?"

"ಎಲ್ಲಿಂದ ಬಂತು ಅಂದ್ರೆ? ಪೂರ್ತಿ ಅಂದ್ರೆ ಹದಿನಾರಾಣೆ ಅಲ್ವ? ನಿಮ್ ಕಡೆ ಹೊಲ ಇಲ್ವ?"

ಮಾವ ಗ್ರಾಮಲೆಕ್ಕಿಗರಾಗಿದ್ದವರು. ಮೂವತ್ತು ವರ್ಷ ಬದುವಿನ ಮೇಲೆ ನಿಂತು ಬೆಳೆಯ ಅಂದಾಜನ್ನು ಆಣೆಯಲ್ಲಿ ಬರೆದವರು. ತುಂಬು ಬೆಳೆ ಹದಿನಾರಾಣೆ, ಅರ್ಧ ಬೆಳೆ ಎಂಟಾಣೆ. ಅದೇ ಕಣ್ಣಿನಿಂದ ನನ್ನ ಮಗಳ ತಲೆನೋವನ್ನೂ ಅಳೆದಿದ್ದರು! ಮಗಳೂ ಮೋಜಿಗೆ ಬಿದ್ದು, "ಇವತ್ತು ಐದಾಣೆ ಅಜ್ಜ" ಎನ್ನುತ್ತಿದ್ದಳಂತೆ. ಅದನ್ನವರು ಹತ್ತಕ್ಕೆ ಇಳಿಸದೆ ಹಾಗೇ ಕಳಿಸುತ್ತಿದ್ದರು. ಮೇಡಂ ಮಗಳನ್ನು ಪರದೆಯ ಮುಂದೆ ಕೂರಿಸಿ ಒಂದೊಂದೇ ಪ್ರಶ್ನೆ ಕೇಳಿದರು. ಅಳು ನಿಂತಂತೆ ನೋವೂ ಇಳಿದದ್ದನ್ನು ಖಚಿತಪಡಿಸಿಕೊಂಡ ಮೇಲೆ ಹಳೆಯ ಅಂಕಿಗಳನ್ನೆಲ್ಲ ಹತ್ತಕ್ಕೆ ಇಳಿಸಿ ನೋಡಿದರು. ಮೂರು ಆಣೆಯ ಏರಿಕೆ ಎಂದರೆ ಎರಡೂ ದಾಟುವುದಿಲ್ಲ! ಹುಡುಗಿ ಎಂದೋ ಮುಂದಿನ ಹಂತಕ್ಕೆ ಹೋಗಬೇಕಾಗಿತ್ತು.

ನಾನು ಸಿಡಿದೆ. "ಮಾವ, ಇದು ಹುಡುಗಿಯ ತಲೆ, ಜೋಳದ ಹೊಲ ಅಲ್ಲ! ಮೂರು ವಾರ ಹಾಳು ಮಾಡಿದಿರಿ. ನಿಮಗೆ ಈ ಕೆಲಸ ಕೊಟ್ಟವನು ಯಾವ ಮುಠ್ಠಾಳ?"

ಹೆಂಡತಿ ಅಡುಗೆಮನೆಯಿಂದಲೇ ಅಂದಳು, "ನೀವ ರೀ."

"ನಾನಾ?"

"ಹ್ಞೂಂ, ನೀವ. 'ಅಂದಾಜು ಬರಿಯೋದು ನಿಮ್ಮ ಕಸುಬು ಮಾವ, ನೀವ ಬರೀರಿ' ಅಂತ ಫೋನು ಅವರ ಕೈಯಾಗ ಕೊಟ್ರಿ. ಹತ್ತು, ಗಿತ್ತು ಏನೂ ಹೇಳ್ಲಿಲ್ಲ."

ನನಗೆ ಇಂದಿಗೂ ಆ ಮಾತು ಆಡಿದ ನೆನಪಿಲ್ಲ. ಮಾವನಿಗಿತ್ತು. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೂ ಇಡೀ ಬೈಗುಳ ಮುಗಿಯುವವರೆಗೆ ತಲೆ ತಗ್ಗಿಸಿ ಕೂತಿದ್ದರು. ಅದಕ್ಕೂ ನನಗೆ ಸಿಟ್ಟೇ ಬಂತು!

ಆಮೇಲೆ ಅಂಕಿಯನ್ನು ಹತ್ತರ ಲೆಕ್ಕದಲ್ಲಿ ಮಗಳೇ ಮೇಡಂಗೆ ಹೇಳತೊಡಗಿದಳು. ಹಂತಗಳನ್ನು ಸರಸರನೆ ದಾಟಿದಳು. ನಡಿಗೆ, ಸೈಕಲ್, ಓಟ. ವೈದ್ಯರೂ ಮತ್ತೆ ಪರೀಕ್ಷಿಸಿ, ಆಡಬಹುದೆಂದು ಬರೆದುಕೊಟ್ಟರು. ಕಾಲೇಜಿನ ಮೈದಾನಕ್ಕೆ ನಾನೇ ಕರೆದೊಯ್ದೆ. ಗೆರೆಯವರೆಗೆ ಹೋದವಳು ನಿಂತುಬಿಟ್ಟಳು. ಮತ್ತೆ ಹೋದಳು, ಮತ್ತೆ ನಿಂತಳು.

"ಅಪ್ಪ, ನೋವಿಲ್ಲ. ಆದ್ರೆ ಆಗ್ತಿಲ್ಲ."

ಹೆದರಿಕೆ ಹೇಗೆ ಹುಟ್ಟುತ್ತದೆ ಎಂದು ಮನೆಗೆ ಮರಳುವ ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ವಿವರಿಸಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಮರುದಿನ ಸಂಜೆ ಹಿತ್ತಿಲಲ್ಲಿ ಮಾತು ಕೇಳಿಸಿತು. ಮಾವ ಪಂಚೆ ಎತ್ತಿಕಟ್ಟಿ, ಹಿಮ್ಮಡಿಯಿಂದ ಗೆರೆ ಎಳೆದು, ಕೈ ಚಾಚಿ ನಿಂತಿದ್ದರು.

"ಬಾ. ಮುಟ್ಟಿ ಹೋಗು ನೋಡನ."

"ಅಜ್ಜ, ಬಿದ್ದುಬಿಡ್ತೀಯ."

"ಬಿದ್ರೆ ಬೀಳ್ತೀನಿ. ನಿನ್ನ ಮೂರು ವಾರ ತಿಂದವ ನಾನು. ಬಾರವ್ವ."

ಅವಳು ಉಸಿರೆಳೆದುಕೊಂಡಳು. ಕಬಡ್ಡಿ, ಕಬಡ್ಡಿ. ಮೊದಲು ಪಿಸುಮಾತು, ಆಮೇಲೆ ಹಿತ್ತಿಲೆಲ್ಲ ಕೇಳುವಷ್ಟು. ಮಾವ ಮುಂದಕ್ಕೆ ನುಗ್ಗಿದರು. ಅವಳು ಥಟ್ಟನೆ ಬಗ್ಗಿ ಅವರ ಪಾದ ಮುಟ್ಟಿದಳು. ಪಾದಕ್ಕೆ ಕೈ ತಗುಲಿದೊಡನೆ, ಬಾಳೆಲ್ಲ ರೂಢಿಯಾದದ್ದು, ಮಾವನ ಕೈ ತಾನಾಗಿ ಅವಳ ತಲೆಯ ಮೇಲೆ ಹೋಯಿತು.

"ಅಜ್ಜ, ನೀನು ಔಟು!"

"ಹೌದವ್ವ, ಔಟು" ಎಂದರು ಮಾವ. ಕೈ ತೆಗೆಯಲಿಲ್ಲ.