ಸುಬ್ಬಕೃಷ್ಣನ ದಣಿಯದ ಬಿಲ್ಲೆ

"ಹತ್ರ ಬನ್ನಿ ಭಾವ, ಎಳೆದು ನೋಡಿ! ಪ್ರಳಯ ಆದ್ರೂ ಇದು ಹರಿಯಲ್ಲ!"

ನನ್ನ ಹೆಂಡತಿಯ ತಮ್ಮ ಸುಬ್ಬಕೃಷ್ಣ ಅಂಗೈಯಗಲದ ಕಂದು ಬಿಲ್ಲೆಯೊಂದನ್ನು ನನ್ನ ಮೂಗಿನ ಹತ್ತಿರ ಹಿಡಿದ. ಮಗಳು ಮೈಥಿಲಿಯ ಮದುವೆ ತಲೆಯ ಮೇಲೆ ಕೂತಿತ್ತು, ಅಡುಗೆಯವರಿನ್ನೂ ಗೊತ್ತಾಗಿರಲಿಲ್ಲ. ಈ ಮಹಾನುಭಾವನಿಗೆ ಬಿಲ್ಲೆಯ ಚಿಂತೆ!

ಅವನ ಹತ್ತಿರ ತಾತನ ಕಾಲದ ಮೋಟಾರು ಕಾರೊಂದಿತ್ತು. ಟ್ಯಾಂಕಿನ ಪೆಟ್ರೋಲನ್ನು ಎಂಜಿನ್ನಿಗೆ ಎತ್ತಿಕೊಡುವ ಪಂಪಿನೊಳಗೆ ತೆಳುವಾದ ಬಿಲ್ಲೆಯೊಂದು ಮೇಲೆ ಕೆಳಗೆ ಬಡಿಯುತ್ತಿರಬೇಕು. ಅದು ಬಾಳುತ್ತಲೇ ಇರಲಿಲ್ಲ. ತೊಗಲು ಹಾಕಿದ, ಒಣಗಿ ಸೀಳಿತು. ರಬ್ಬರು ಹಾಕಿದ, ಪೆಟ್ರೋಲು ಕುಡಿದು ಪೂರಿಯ ಹಾಗೆ ಉಬ್ಬಿತು. ರೇಷ್ಮೆಗೆ ವಾರ್ನಿಷ್ ಬಳಿದು ಹಾಕಿದ, ಅದೂ ಹರಿಯಿತು. ಆ ರೇಷ್ಮೆ ನನ್ನ ಹೆಂಡತಿ ಲಲಿತಳ ಧಾರೆ ಸೀರೆಯದು ಎಂದು ಆಮೇಲೆ ತಿಳಿಯಿತು.

"ಇದನ್ನ ಯಾತರಲ್ಲಿ ಮಾಡಿದೀಯೋ?"

"ಹಲಸಿನ ಮೇಣ! ನಾನೇ ಕಂಡುಹಿಡಿದ ಜೀವರಸ ಬೆರೆಸಿ ಕುಕ್ಕರಲ್ಲಿ ಬೇಯಿಸಿದೀನಿ. ಪೆಟ್ರೋಲೇ ಇದಕ್ಕೆ ಊಟ. ಕುಡಿದಷ್ಟೂ ಬೆಳೆಯುತ್ತೆ. ಒಂದ್ಸಲ ಬಡಿಯೋಕೆ ಶುರು ಮಾಡಿದ್ರೆ ದಣಿವೇ ಇಲ್ಲ!"

"ಹಲಸಿನ ಹಣ್ಣು ಬಿಡಿಸೋಕೆ ಮುಂಚೆ ಕೈಗೆ ಎಣ್ಣೆ ಸವರ್ಕೊಳ್ತೀವಿ. ಅದರ ಮೇಣಾನ ಕಾರಿಗೆ ಹಾಕ್ತಾರೇನೋ, ಬುದ್ಧಿ ಇರೋರು?"

"ನಿಮಗೆ ವಿಜ್ಞಾನ ಅರ್ಥ ಆಗಲ್ಲ ಬಿಡಿ. ಕಾಶಿಯಾತ್ರೆಗೆ ಗಂಡನ್ನ ಈ ಕಾರಲ್ಲೇ ಕೂರಿಸೋದು. ಈ ಕಾಲದಲ್ಲಿ ಕಾಶಿಗೆ ಯಾರು ನಡ್ಕೊಂಡು ಹೋಗ್ತಾರೆ?"

ನಾನು ಸುತರಾಂ ಬೇಡವೆಂದೆ. "ಹುಡುಗಿಗೆ ಇರೋನು ಒಬ್ಬನೇ ಸೋದರಮಾವ, ಅವನ ಆಸೆಗೂ ಕಲ್ಲು ಹಾಕ್ತೀರಲ್ಲ" ಎಂದು ಲಲಿತ ಮೂಗು ಒರೆಸಿಕೊಂಡಳು. ಅಲ್ಲಿಗೆ ನನ್ನ ಮಾತು ಮುಗಿಯಿತು.

ಮದುವೆಯ ದಿನ ಮೈಸೂರಿನ ಛತ್ರದ ಮುಂದೆ ಗಂಡು ಶ್ರೀವತ್ಸ ಕೊಡೆ, ಕೋಲು ಹಿಡಿದು ಕಾರು ಹತ್ತಿದ. ಸ್ಟಿಯರಿಂಗ್ ಹಿಡಿದವನು ಸುಬ್ಬಕೃಷ್ಣ. ಸಂಸಾರ ಬೇಡವೆಂದು ಅವನು ನಾಲ್ಕು ಹೆಜ್ಜೆ ಕಾಶಿಯ ಕಡೆ ಹೊರಡಬೇಕು, ಹೆಣ್ಣಿನ ತಂದೆ ತಡೆದು ಮಂಟಪಕ್ಕೆ ಕರೆತರಬೇಕು. ಅದು ಪದ್ಧತಿ. ನಾನು ತೆಂಗಿನಕಾಯಿ ಹಿಡಿದು ಅಡ್ಡ ನಿಂತೆ.

"ಕಾಶಿಗೆ ಹೋಗಬೇಡಿ, ನಮ್ಮ ಮಗಳ ಕೈಹಿಡಿಯಿರಿ!"

"ಆಗಲಿ" ಎಂದ ಗಂಡು. ಕಾರು ಒಪ್ಪಲಿಲ್ಲ. ನಾನು ಹಾರಿ ಪಕ್ಕಕ್ಕೆ ಬಿದ್ದೆ, ಕಾರು ಛತ್ರದೆದುರಿನ ಪಾರ್ಕನ್ನು ಸುತ್ತತೊಡಗಿತು.

"ನಿಲ್ಸೋ!"

"ಕೀ ತೆಗೆದೆ ಭಾವ, ಆದ್ರೂ ಬಿಲ್ಲೆ ಬಡೀತಿದೆ! ನೋಡಿ, ಹೇಗೆ ಬಾಳಿಕೆ!"

ಪೆಟ್ರೋಲು ಕುಡಿದ ಬಿಲ್ಲೆ ಬೆಳೆದು, ಅದರ ಮೇಣ ಹರಿದು ಗೇರು, ಬ್ರೇಕು, ಕ್ಲಚ್ಚು ಎಲ್ಲವನ್ನೂ ಅಂಟಿಸಿಬಿಟ್ಟಿತ್ತು. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಬಾನೆಟ್ಟಿಗೆ ಸುರಿದೆವು. ಬಿಲ್ಲೆ ಅದನ್ನೂ ಕುಡಿದು ಇನ್ನಷ್ಟು ಜೋರಾಗಿ ಬಡಿಯಿತು!

ಬೀಗಿತ್ತಿ ಕಾಮಾಕ್ಷಮ್ಮ ನನ್ನ ಮುಂದೆ ನಿಂತರು. "ಮುಹೂರ್ತ ತಪ್ಪಿದ್ರೆ ಈ ಮದುವೆ ಇಲ್ಲ ರಾಯರೇ. ನನ್ನ ಮಗನಿಗೆ ಬೇರೆ ಹೆಣ್ಣು ನೋಡ್ತೀನಿ."

ಮಂಟಪದ ಬಾಗಿಲಲ್ಲಿ ಮೈಥಿಲಿ ಅಳುತ್ತಿದ್ದಳು. ಇಷ್ಟೆಲ್ಲ ಒಂದು ಮೇಣದ ತುಂಡಿಗಾಗಿ!

ಕಾರು ಮತ್ತೆ ಬಂತು. ವೇಗವೇನೂ ಇರಲಿಲ್ಲ, ಮುದುಕರ ವಾಕಿಂಗಿನಷ್ಟು. "ಧುಮುಕಿಬಿಡಿ ಅಳಿಯಂದಿರೇ!" ಎಂದೆ.

"ಮೇಣ ಇಲ್ಲಿಗೂ ಹರಿದು ಪಂಚೆ ಸೀಟಿಗೆ ಅಂಟಿದೆ ಮಾವ!"

"ಪಂಚೆ ಬಿಟ್ಟು ಬನ್ನಿ!"

"ಎಲ್ಲರೂ ನೋಡ್ತಿದಾರೆ ಮಾವ!"

ಕತ್ತರಿ ತರಿಸಿದೆ. "ಧಾರೆಯ ಪಂಚೆಗೆ ಕತ್ತರಿಯೇ? ಅಪಶಕುನ!" ಎಂದು ಬೀಗಿತ್ತಿ ಕಿತ್ತುಕೊಂಡರು.

ಬೇರೆ ದಾರಿ ಕಾಣದೆ ಮೈಥಿಲಿಯನ್ನು ಕಾರಿನ ಒಂದು ಫುಟ್‌ಬೋರ್ಡಿಗೂ ಶಾಸ್ತ್ರಿಗಳನ್ನು ಇನ್ನೊಂದಕ್ಕೂ ಹತ್ತಿಸಿದೆ. ತಂಬಿಗೆ ಹಿಡಿದು ಕಾರಿನ ಪಕ್ಕ ಓಡುತ್ತಲೇ ಧಾರೆ ಎರೆದೆ. ಅರ್ಧ ನೀರು ಮಡ್‌ಗಾರ್ಡಿಗೆ ಧಾರೆಯಾಯಿತು. ಲಲಿತ ಏದುಸಿರು ಬಿಡುತ್ತಾ ಹಿಂದೆ ಓಡಿದಳು. ಓಲಗದವರು ಪಾರ್ಕನ್ನು ಅಡ್ಡ ಹಾಯ್ದು ಬಂದು ಗಟ್ಟಿಮೇಳ ಬಾರಿಸಿದರು. ಶ್ರೀವತ್ಸ ಕೂತಲ್ಲಿಂದಲೇ ಮೈಥಿಲಿಗೆ ತಾಳಿ ಕಟ್ಟಿದ. ಮುಹೂರ್ತ ದಕ್ಕಿತು! ನನಗೆ ಅಳು ಬಂತು, ಮಗಳನ್ನು ಕೆಳಗಿಳಿಸಿಕೊಂಡು ಅಪ್ಪಿಕೊಂಡೆ.

ಶಾಸ್ತ್ರಿಗಳು ಇಳಿದದ್ದೇ ತಡ, ಬಿಲ್ಲೆಯ ಬಡಿತ ತಾಳಲಾರದೆ ಕಾರು ಬಿಚ್ಚಿಕೊಂಡಿತು. ದೀಪ ಬಿತ್ತು, ಬಾಗಿಲು ಬಿತ್ತು, ಚಕ್ರಗಳು ದಿಕ್ಕಿಗೊಂದು ಉರುಳಿದವು. ಆ ರಾಶಿಯ ನಡುವೆ ಸುಬ್ಬಕೃಷ್ಣ ಪಂಪನ್ನು ಎತ್ತಿ ಹಿಡಿದ.

"ನೋಡಿದ್ರಾ ಭಾವ! ಬಿಲ್ಲೆಗೆ ಒಂದು ಗೀರೂ ಬಿದ್ದಿಲ್ಲ!"

ಹೌದು, ಕಾರೊಂದೇ ಹೋದದ್ದು.

ಅಳಿಯ ಮಾತ್ರ ಸೀಟಿನಿಂದ ಏಳಲಿಲ್ಲ. ಸಂಜೆ ಮಗಳನ್ನು ಕಳಿಸಿಕೊಡುವಾಗ ಅವನನ್ನು ಸೀಟಿನ ಸಮೇತ ಟೆಂಪೋಗೆ ಹತ್ತಿಸಿದೆವು. ನಮಗೆ ಹುಡುಗಿ ಸಾಕು, ಮಂಚ ಕುರ್ಚಿ ಏನೂ ಕೊಡಬೇಡಿ ಎಂದು ಬೀಗರು ಕೇಳಿಕೊಂಡಿದ್ದರು. ಅವರ ಮಾತು ನಡೆಸಿಕೊಡಲು ನನ್ನಿಂದಾಗಲಿಲ್ಲ.