ಕಲ್ಯಾಣ ಮಂಟಪದ ಕಂಪ್ಯೂಟರ್ ರಸೀದಿ

ಕಂಪ್ಯೂಟರ್ ಕೆಟ್ಟರೆ ಸರಿ ಮಾಡಬಹುದು ಸ್ವಾಮಿ. ಏನು ಕೆಟ್ಟಿದೆ ಅಂತ ಬಾಯಿಬಿಟ್ಟು ಹೇಳುವವರು ಸಿಕ್ಕುವುದೇ ಕಷ್ಟ. ಎಂಬತ್ತರ ದಶಕದಲ್ಲಿ ಬಸವನಗುಡಿಯ ಒಂದು ಕಾಫಿಪುಡಿ ಅಂಗಡಿಯ ಮಹಡಿ ಮೇಲೆ ನಾನೂ ನನ್ನ ಬಾಸೂ ಪ್ರೋಗ್ರಾಂ ಬರೆದುಕೊಂಡಿದ್ದೆವು. ಇಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇತ್ತು. ಅದರಲ್ಲೂ ಚಾಮರಾಜಪೇಟೆಯ ಒಂದು ಕಲ್ಯಾಣ ಮಂಟಪದವರಂತೂ ನಮ್ಮನ್ನು ಸುಮ್ಮನೆ ಕೂರಲು ಬಿಟ್ಟವರೇ ಅಲ್ಲ.

೧. ಎಲ್ಲಾ ಸೌಖ್ಯ

ಆ ಮಂಟಪದವರಿಗೆ ಬಾಡಿಗೆ ರಸೀದಿಯನ್ನು ಕಂಪ್ಯೂಟರಿನಲ್ಲೇ ಕೊಡಬೇಕು ಅನ್ನುವ ಆಸೆ. ಪ್ರೋಗ್ರಾಂ ನಮ್ಮ ಬಾಸ್ ಬರೆದುಕೊಟ್ಟಿದ್ದರು. ಅಲ್ಲಿನ ಮ್ಯಾನೇಜರು ಹಿರಿಯರು, ಒಳ್ಳೆಯವರು. ಆದರೆ ಮದುವೆ ನಡೆಯುವ ಜಾಗದಲ್ಲಿ ಅಶುಭದ ಮಾತು ಆಡಬಾರದು ಅನ್ನುವ ನೇಮ. ದೀಪ ಆರಿದರೂ 'ದೊಡ್ಡದಾಯ್ತು' ಅನ್ನುವ ಮನುಷ್ಯ 'ಕಂಪ್ಯೂಟರ್ ಕೆಟ್ಟಿದೆ' ಅಂತ ಹೇಗೆ ಅಂದಾರು?

ಏನಾದರೂ ಆದರೆ ನಮ್ಮ ಕೆಳಗಿನ ಕಾಫಿಪುಡಿ ಅಂಗಡಿಗೆ ಫೋನ್ ಮಾಡುತ್ತಿದ್ದರು. ಎಲ್ಲಾ ಸೌಖ್ಯ, ಒಂದ್ಸಲ ಬಂದ್ಹೋಗಿ, ಅಷ್ಟೇ. ಏನು ಒತ್ತಿದಿರಿ, ಪರದೆ ಮೇಲೆ ಏನು ಬಂತು ಅಂತ ಎಷ್ಟು ಗೋಗರೆದರೂ ಮತ್ತೆ ಅದೇ ಎಲ್ಲಾ ಸೌಖ್ಯ.

ಒಂದು ಮಧ್ಯಾಹ್ನ ಹಾಗೇ ಕರೆ ಬಂತು. ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಹೋದೆ. ಪ್ರಿಂಟರಿನಿಂದ ಹೊಗೆ ಏಳುತ್ತಿದೆ, ಮ್ಯಾನೇಜರು ಪಕ್ಕದಲ್ಲಿ ನಿಂತು ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದಾರೆ.

"ಸ್ವಲ್ಪ ಉತ್ಸಾಹದಲ್ಲಿದೆ," ಅಂದರು.

೨. ಮೊಹರಿನ ಜಾಗ

ರಸೀದಿಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಉದ್ದ ವಾಕ್ಯವಿತ್ತು. ಮೊದಲರ್ಧ, ಬಾಡಿಗೆಗೆ ಹಿಡಿದ ಪಾರ್ಟಿಯವರು ಹಾಲ್‌ನಲ್ಲಿ ಇರಬಹುದು ಅಂತ. ಉಳಿದರ್ಧ, ಮದುವೆ ದಿನ ಮಧ್ಯಾಹ್ನ ಮೂರು ಗಂಟೆಯವರೆಗೆ ಮಾತ್ರ ಅಂತ. ಪ್ರೋಗ್ರಾಮಿನಲ್ಲಿ ಅದು ಒಂದು ಸಾಲಿಗೆ ಹಿಡಿಸುತ್ತಿರಲಿಲ್ಲ. ಎರಡು ಸಾಲಾಗಿ ಮುರಿದು, ಎರಡನೇ ಸಾಲಿನ ಶುರುವಿನಲ್ಲಿ ಒಂದು ಅಡ್ಡಗೆರೆ ಹಾಕಬೇಕು. ಇದು ಮೇಲಿನ ಸಾಲಿನದೇ ಬಾಲ ಅಂತ ಯಂತ್ರಕ್ಕೆ ಗುರುತು. ಬಾಸ್ ಅದನ್ನೇನೋ ಹಾಕಿದ್ದರು, ಆದರೆ ಮೊದಲ ಸಾಲಿನ ಕೊನೆಯಲ್ಲಿ ಉಳಿದ ಖಾಲಿ ಜಾಗವನ್ನೂ ಯಂತ್ರ ಮಾತು ಅಂತಲೇ ತಿಳಿದು, ವಾಕ್ಯದ ನಡುವೆ ದೊಡ್ಡ ಕಂದಕ ಬಿಟ್ಟು ಅಚ್ಚು ಹಾಕುತ್ತಿತ್ತು.

ನಮಗೋ ನಾಚಿಕೆ. ಯಾರೂ ಹೇಳುವ ಮೊದಲೇ ಹೋಗಿ ಸರಿ ಮಾಡಿ ಬಂದೆವು. ಮಾರನೇ ದಿನವೇ ಮ್ಯಾನೇಜರ ಫೋನು. ಅವರ ದನಿಯಲ್ಲಿ ಬೇಜಾರು ಕೇಳಿದ್ದು ಅದೇ ಮೊದಲು.

"ಮೊಹರು ಹಾಕೋಕೆ ಅಂತ ಚೆನ್ನಾಗಿ ಜಾಗ ಬಿಟ್ಟಿದ್ರಿ. ಯಾಕಪ್ಪಾ ತೆಗೆದ್ರಿ?"

೩. ವಿಶಾಲವಾಗಿದೆ

ಬಾಸ್‌ಗೆ ಸಿಟ್ಟು ಬಂತು. ಸರಿ ಮಾಡಿದ್ದನ್ನು ಮತ್ತೆ ತಪ್ಪು ಮಾಡಿಕೊಡು ಅಂದರೆ ಯಾರಿಗೆ ಬರಲ್ಲ? ಗೊಣಗಿಕೊಂಡೇ, ಕಂದಕ ಮತ್ತೆ ಬರುವಂತೆ ಆ ಸಾಲು ತಿದ್ದಿದರು. ಅವಸರದಲ್ಲಿ ಅಡ್ಡಗೆರೆಯ ಜಾಗಕ್ಕೆ ನಕ್ಷತ್ರದ ಗುರುತು ಬಿತ್ತು. ಅಲ್ಲಿ ನಕ್ಷತ್ರ ಕಂಡರೆ ಯಂತ್ರ ಆ ಸಾಲನ್ನು ಓದುವುದೇ ಇಲ್ಲ, ಹಾರಿಸಿಬಿಡುತ್ತದೆ. ಹಾಲ್‌ನಲ್ಲಿ ಇರಬಹುದು ಅನ್ನುವಲ್ಲಿಗೆ ಮಾತು ಮುಗಿಯಿತು. ಇದು ನಮಗೆ ಗೊತ್ತಾದದ್ದು ಆಮೇಲೆ.

ಮ್ಯಾನೇಜರು ಮಾತ್ರ ಫೋನ್ ಮಾಡಿ ಹೊಗಳಿದ್ದೇ ಹೊಗಳಿದ್ದು. ಮೊಹರಿಗೆ ಈಗ ಜಾಗ ಬಹಳ ವಿಶಾಲವಾಗಿದೆಯಂತೆ. ಬಾಸ್ ಉಬ್ಬಿಹೋಗಿ ನನಗೂ ಬೈಟು ಕಾಫಿ ಕೊಡಿಸಿದರು.

೪. ವರಪೂಜೆ

ಅಷ್ಟರಲ್ಲಿ ನನಗೂ ಮದುವೆ ಗೊತ್ತಾಯಿತು. ಹುಡುಗಿ ಮನೆ ಮಾವಳ್ಳಿ. ನನ್ನ ಮಾವನವರು ಹಿಡಿದದ್ದು ಅದೇ ಮಂಟಪ.

ಸಂಜೆ ವರಪೂಜೆಗೆ ಪೇಟ ಸುತ್ತಿಕೊಂಡು ಇಳಿದರೆ, ಬಾಗಿಲಲ್ಲೇ ಟ್ರಂಕುಗಳ ಮೇಲೆ ಹುಡುಗಿ ಕಡೆಯವರೆಲ್ಲ ಕೂತಿದ್ದಾರೆ. ಒಳಗೆ ಬೆಳಿಗ್ಗೆ ಮದುವೆ ಮುಗಿಸಿದ ಪಾರ್ಟಿಯವರು ಜಮಖಾನದ ಮೇಲೆ ಇಸ್ಪೀಟಾಡುತ್ತಿದ್ದಾರೆ. ಮ್ಯಾನೇಜರು ಕೈ ಹೊಸಕಿಕೊಂಡು ಬಂದು, ಅವರು ಇನ್ನೂ ಸಂತೋಷವಾಗಿದ್ದಾರೆ ಅಂದರು.

ಬೆಳಗಿನ ಜಾವಕ್ಕೇ ಮುಹೂರ್ತ. ಹಾಲ್ ಸಿಗದಿದ್ದರೆ ತಾಳಿ ಕಟ್ಟುವುದೆಲ್ಲಿ? ಅಮ್ಮ ಆಗಲೇ ಸೆರಗಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನೆಂಟರಂತೆ ಬಂದಿದ್ದ ಬಾಸ್, ಏನಾಯಿತು, ಯಾರಾದರೂ ಸರಿಯಾಗಿ ಹೇಳಿ ಅಂತ ಗದರಿದರು. ಟ್ರಂಕಿನ ಮೇಲಿಂದ ಎದ್ದವಳು ಮದುವಣಗಿತ್ತಿ.

"ಹೇಳಿದ ಹೊತ್ತಿಗೆ ಬಂದ್ವಿ. ಹಾಲ್ ಖಾಲಿ ಇರ್ಬೇಕಿತ್ತು, ಇಲ್ಲ. ಅವರ ರಸೀದಿಲಿ ಇರಬಹುದು ಅಂತ ಇದೆ, ಎಲ್ಲೀವರೆಗೆ ಅಂತ ಇಲ್ಲ. ನಮ್ಮದರಲ್ಲೂ ಇಲ್ಲ."

ಬಾಸ್ ಮುಖ ಬಿಳಿಚಿತು. ನನಗೆ ಆ ಗಾಬರಿಯಲ್ಲೂ ಅವಳ ಮೇಲೆ ಪ್ರೀತಿ ಉಕ್ಕಿತು. ಇಷ್ಟು ಚೆನ್ನಾಗಿ ತಪ್ಪು ತೋರಿಸಿದವರನ್ನು ನಾನು ಕಂಡೇ ಇರಲಿಲ್ಲ.

ಇಸ್ಪೀಟಿನ ಹಿರಿಯರನ್ನು ಬೇಡಿಕೊಂಡೆವು. ಅವರು ಹೇಳಿದ್ದು ಒಂದೇ ಮಾತು. ಬಾಯಿಮಾತು ಬೇಡ, ಕಂಪ್ಯೂಟರ್ ಏಳು ಅಂದರೆ ಏಳುತ್ತೇವೆ. ಬಾಸ್ ಸ್ಕೂಟರ್ ಓಡಿಸಿಕೊಂಡು ಹೋಗಿ ಆಫೀಸಿನಿಂದ ಪ್ರೋಗ್ರಾಂ ಇದ್ದ ಫ್ಲಾಪಿ ತಂದರು. ಪೇಟ ಕಂಕುಳಲ್ಲಿಟ್ಟುಕೊಂಡು ನಾನೇ ಮಂಟಪದ ಕಂಪ್ಯೂಟರಿನ ಮುಂದೆ ಕೂತೆ. ನಕ್ಷತ್ರ ಅಳಿಸಿ ಅಡ್ಡಗೆರೆ ಹಾಕಿದೆ, ಮೇಲಿನ ಸಾಲಿನ ಕೊನೆಯ ಖಾಲಿ ಜಾಗವನ್ನೂ ತೆಗೆದೆ. ಹೊಸ ರಸೀದಿ ಬಂತು. ಕಂದಕವಿಲ್ಲ, ವಾಕ್ಯ ಪೂರ್ತಿ, ಮೂರು ಗಂಟೆಯವರೆಗೆ ಮಾತ್ರ. ನಾವು ಉಸಿರು ಬಿಡುವಷ್ಟರಲ್ಲಿ ಮ್ಯಾನೇಜರು ಅದನ್ನು ತೆಗೆದುಕೊಂಡು, ಅಭ್ಯಾಸದಂತೆ, ಇರಬಹುದು ಅನ್ನುವುದರ ಮುಂದಿನ ಅದೇ ಜಾಗಕ್ಕೆ ಠಪ್ಪಂತ ಮೊಹರು ಒತ್ತಿ, ಹಿರಿಯರ ಕೈಗೆ ಕೊಟ್ಟರು.

ಹಿರಿಯರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

"ಇದರಲ್ಲೂ ಇರಬಹುದು ಅಂತಲೇ ಇದೆಯಲ್ಲಪ್ಪಾ. ಈ ಸಲ ಮೊಹರು ಬೇರೆ ಹಾಕಿದಾರೆ."

ಕೊನೆಗೆ ಮಾವನವರು ಎಲ್ಲರನ್ನೂ ಊಟಕ್ಕೆ ಎಬ್ಬಿಸಿಕೊಂಡು ಹೋದರು, ಹಾಲ್ ತಾನಾಗಿ ಖಾಲಿಯಾಯಿತು. ಬೆಳಿಗ್ಗೆ ಮುಹೂರ್ತಕ್ಕೆ ಆ ಹಿರಿಯರೂ ಮುಂದಿನ ಸಾಲಿನಲ್ಲೇ ಕೂತು ಅಕ್ಷತೆ ಹಾಕಿದರು. ರಸೀದಿ ಮಾತ್ರ ವಾಪಸ್ ಕೊಡಲಿಲ್ಲ.