ಸೊನ್ನೆ ಅಡಿ ಎತ್ತರದ ಹಾರಾಟ

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ಹುಬ್ಬಳ್ಳಿ-ಧಾರವಾಡ ವಿಮಾನ ವಿಹಾರ ಸಂಘದ ಬಳಿ ಒಂದು ವಿಮಾನ, ಹನ್ನೊಂದು ಜನ ಪದಾಧಿಕಾರಿಗಳು ಮತ್ತು ಮೋಟಾರು ಗಾಡಿಗೆ ಹಾಕುವ ಪೆಟ್ರೋಲು ಇದ್ದವು. ವಿಮಾನಕ್ಕೆ ಹಾಕುವ ಪೆಟ್ರೋಲು ಮಾತ್ರ ಇರಲಿಲ್ಲ. ಅದು ಸೈನ್ಯಕ್ಕೆ ಹೋಗಿತ್ತು. ಹಾರಿಸಲು ಕಲಿಸುತ್ತಿದ್ದ ಗುರುಗಳೂ ಅದರ ಬೆನ್ನಿಗೇ ಹೋಗಿದ್ದರು.

ಇದರಿಂದ ಯಾವ ಪದಾಧಿಕಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ಅವರಾರೂ ಹಾರುತ್ತಿರಲಿಲ್ಲ. ತೊಂದರೆಯಾದದ್ದು ಸುಲಭಾಬಾಯಿಗೆ. ಧಾರವಾಡದ ಹೆಣ್ಣುಮಕ್ಕಳ ಸಾಲಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಈಕೆ, ನಲವತ್ತು ದಾಟಿದ ಮೇಲೆ ಹಾರುವ ಹುಚ್ಚು ಹತ್ತಿಸಿಕೊಂಡಿದ್ದಳು. ಗುರುಗಳ ಜೊತೆ ಹಾರಿ ಕಲಿತದ್ದಾಗಿತ್ತು. ಇನ್ನು ಒಂದೇ ಒಂದು ಸಲ ಒಬ್ಬಳೇ ಏರಿ ಒಬ್ಬಳೇ ಇಳಿದರೆ ವೈಮಾನಿಕಳೆಂಬ ಪ್ರಮಾಣಪತ್ರ. ಈ ಸುದ್ದಿಯನ್ನು ಆಕೆ ಯಾರಿಗೂ ಹೇಳಿರಲಿಲ್ಲ. ತಾಯಿ ಅಂಬಾಬಾಯಿಗೆ ಮಾತ್ರ ಹೇಳಿದ್ದಳು. ಹೀಗಾಗಿ ಇಡೀ ಓಣಿಗೆ ಗೊತ್ತಿತ್ತು.

“ಯಾವಾಗ ಹಾರೋರ್ರಿ ಬಾಯಾರ?” ಅಂತ ಹಾಲಿನ ಶೇವಂತೆವ್ವ ದಿನಾ ಕೇಳುವಳು. “ಮೊದಲ ಹೇಳ್ರಿ ಮತ್ತ. ನಮ್ಮ ಎಮ್ಮಿ ಅಂಜಬುರುಕ ಐತಿ.”

ಸುಲಭಾಬಾಯಿ ಓದಿದವಳು. ಅಡ್ಡಿ ಬಂದಾಗ ಓದಿದವರು ಮಾಡುವುದನ್ನೇ ಮಾಡಿದಳು: ಪ್ರಬಂಧ ಬರೆದಳು. ‘ಸಣ್ಣ ವಿಮಾನಗಳಲ್ಲಿ ಮೋಟಾರು ಪೆಟ್ರೋಲಿನ ಸುರಕ್ಷಿತ ಉಪಯೋಗ.’ ಅದಕ್ಕಾಗಿ ಪೆಟ್ರೋಲನ್ನು ಗಾಜಿನ ನಳಿಕೆಯಲ್ಲಿ ನೀರಿನೊಡನೆ ಕುಲುಕಿ ಕಲಬೆರಕೆ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಮೆದು ಚರ್ಮದಲ್ಲಿ ಸೋಸಿದಳು. ಸಂಘದ ಮೆಕ್ಯಾನಿಕ್ ಬಡೇಸಾಬ ವಿಮಾನದ ಬಾಲವನ್ನು ಗೂಟಕ್ಕೆ ಕಟ್ಟಿ ಎಂಜಿನ್ನನ್ನು ಪೂರ್ತಿ ವೇಗದಲ್ಲಿ ಓಡಿಸಿದ. ಅದು ಒಮ್ಮೆಯೂ ಕೆಮ್ಮಲಿಲ್ಲ. ತಂಪು ಹೊತ್ತಿನಲ್ಲಿ ನಿಶ್ಚಿಂತೆಯಿಂದ ಹಾರಬಹುದು ಎಂದು ಬರೆದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಟ್ಟಕಡೆಗೊಂದು ಎಚ್ಚರಿಕೆಯ ವಾಕ್ಯ ಸೇರಿಸದಿದ್ದರೆ ಓದಿದವರಿಗೆ ಅನ್ನ ಇಳಿಯುವುದಿಲ್ಲ. ಸೇರಿಸಿದಳು: “ಬಿಸಿಲಿನಲ್ಲಿ ಮೇಲೇರಿದಂತೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಎಂಜಿನ್ನು ನಿಲ್ಲುವ ಸಂಭವವುಂಟು, ಎತ್ತರ ಕಡಿಮೆಯಾದಷ್ಟೂ ಅಪಾಯ ಕಡಿಮೆ.” ವಾಕ್ಯದ ಗತ್ತಿಗೆ ತಾನೇ ಮೆಚ್ಚಿ ಎರಡು ಸಲ ಗಟ್ಟಿಯಾಗಿ ಓದಿಕೊಂಡಳು.

ಗೋಕುಲ ರಸ್ತೆಯ ಬಯಲಿನಲ್ಲಿ ಸಭೆ ಸೇರಿತು. ಅಧ್ಯಕ್ಷರು ಧಾರವಾಡದ ರಮಾಕಾಂತರಾಯರು, ನಿವೃತ್ತ ಮಾಮಲೇದಾರರು. ಪ್ರಬಂಧದಲ್ಲಿ ಅವರು ಓದಿದ್ದು ಕಡೆಯ ವಾಕ್ಯವೊಂದನ್ನೇ.

“ಎತ್ತರ ಎಷ್ಟಿದ್ದರ ಛಲೋ, ಬಾಯಿ?”

“ಸಾವಿರ ಅಡಿ ಆದರೂ ನಡೀತದರಿ.”

“ಐದುನೂರು?”

“ಇನ್ನೂ ಛಲೋ.”

“ನೂರು?”

“ಪೆಟ್ರೋಲಿನ ಮಟ್ಟಿಗೆ ಹೇಳೂದಾದರ ಇನ್ನೂ ಛಲೋ. ಆದರ...”

“ಶಾಸ್ತ್ರದಾಗ ಆದರ-ಗೀದರ ಇರೂದಿಲ್ಲ, ಕೂಡ್ರಿ.”

“ನೂರು ಅಡಿ ಅಂದ್ರ ಗಿರಣಿ ಚಿಮಣಿಗೆ ಬಡೀತೈತ್ರೀ,” ಅಂದರು ಉಪಾಧ್ಯಕ್ಷ ಮಹಾದೇವಪ್ಪನವರು, ಹುಬ್ಬಳ್ಳಿಯ ಹತ್ತಿ ವ್ಯಾಪಾರಸ್ಥರು. “ಹತ್ತು ಅಡಿ ಇಡ್ರಿ.”

“ಹತ್ತು ಅಡಿಗೆ ಜಾಲಿ ಗಿಡ ಅದ,” ಅಂದರು ಅಧ್ಯಕ್ಷರು.

ಹೀಗೆ ಚರ್ಚಿಸಿ ಸುರಕ್ಷಿತ ಎತ್ತರವನ್ನು ಸೊನ್ನೆ ಅಡಿ ಎಂದು ಸರ್ವಾನುಮತದಿಂದ ಠರಾಯಿಸಲಾಯಿತು. ಸುಲಭಾಬಾಯಿಯೂ ಕೈ ಎತ್ತಿದಳು. ತನ್ನದೇ ವಾಕ್ಯದ ವಿರುದ್ಧ ಮತ ಹಾಕುವಷ್ಟು ಗಟ್ಟಿ ಎದೆ ಆಕೆಗಿರಲಿಲ್ಲ.

ಆದರೂ ಕೇಳಿದಳು: “ಎರಡು ಸಾವಿರ ಅಡಿ ಮುಟ್ಟಬೇಕು ಅಂತ ಸಂಘದ ನಿಯಮ ಅದರಿ. ಅದಕ್ಕೇನು ಮಾಡೂದು?”

“ಎಲ್ಲಿಂದ ಅಳೀತಾರ?” ಅಂದರು ರಮಾಕಾಂತರಾಯರು.

“ಸಮುದ್ರದ ಮಟ್ಟದಿಂದ.”

“ಹುಬ್ಬಳ್ಳಿ ಮೊದಲ ಅಷ್ಟು ಎತ್ತರದಾಗ ಅದಲ್ಲಾ! ಮುಂಬಯಿಯವರು ಹಾರಬೇಕು, ಪಾಪ. ನಮಗ್ಯಾಕ?”

“ಏರಬೇಕು, ಇಳೀಬೇಕು ಅಂತನೂ ಅದರಿ.”

“ಧಾರವಾಡಕ್ಕ ಹೋಗಿ ಬರ್ರಿ. ಧಾರವಾಡ ಹುಬ್ಬಳ್ಳಿಗಿಂತ ಎತ್ತರ ಅದ.”

ಧಾರವಾಡ ಹುಬ್ಬಳ್ಳಿಗಿಂತ ಎತ್ತರವೆಂದು ಧಾರವಾಡದವರು ಮೊದಲಿನಿಂದಲೂ ಹೇಳುತ್ತ ಬಂದಿದ್ದರು. ಹುಬ್ಬಳ್ಳಿಯವರು ಒಪ್ಪಿದ್ದು ಅದೇ ಮೊದಲು. ಒಪ್ಪುವಾಗ ಮಹಾದೇವಪ್ಪನವರು ಒಂದು ಷರತ್ತು ಹಾಕಿದರು: “ಎತ್ತರ ಅಂದ್ರ ನೆಲದ್ದು ಅಷ್ಟ. ಮಂದೀದಲ್ಲ. ಹಂಗಂತ ಠರಾವಿನಾಗ ಬರೀರಿ.” ಬರೆಯಲಾಯಿತು.

ಊರಲ್ಲಿ ಡಂಗುರ ಸಾರಿದರು. “ಸೋಮವಾರ ಮುಂಜಾನೆ ವಿಮಾನವು ಹಳೆಯ ಚಕ್ಕಡಿ ದಾರಿಯಿಂದ ಧಾರವಾಡಕ್ಕೆ ಹಾರತಕ್ಕದ್ದು. ಚಕ್ಕಡಿಗಳು ಹೊಲಕ್ಕಿಳಿದು ದಾರಿ ಬಿಡತಕ್ಕದ್ದು. ವಿಮಾನ ನೋಡುವವರು ಮೇಲೆ ನೋಡತಕ್ಕದ್ದಲ್ಲ.”

ಸೋಮವಾರ ಸುಲಭಾಬಾಯಿ ವಿಮಾನದ ರೆಕ್ಕೆ ಚಾಚಿಕೊಂಡು ನೆಲದ ಮೇಲೆಯೇ ಹೊರಟಳು. ಸುಗ್ಗಿ ಮುಗಿದು ಎರೆಹೊಲಗಳು ಬರಿದಾಗಿದ್ದವು. ಸೈಕಲ್ಲಿನ ಮೇಲೆ ಹಿಂದೆ ಬರುತ್ತಿದ್ದ ಬಡೇಸಾಬ ಎರಡು ಸಲ ವಿಮಾನವನ್ನು ದಾಟಿ ಹೋಗಿ, ಸಂಘದ ಮರ್ಯಾದೆಗಾಗಿ ನಿಂತು ಕಾದ. ಧಾರವಾಡದಲ್ಲಿ ಅಂಬಾಬಾಯಿ ಆರತಿ ಹಿಡಿದು ನಿಂತಿದ್ದಳು.

“ಮ್ಯಾಲ ಇಷ್ಟು ಧೂಳ ಇರ್ತದೇನ, ಸುಲಭಾ?” ಅಂತ ಮಗಳ ಮುಖ ಒರೆಸಿದಳು.

ಧಾರವಾಡದಿಂದ ಮರಳಿ ಇಳಿಯುವಾಗ ಎಡವಟ್ಟಾಯಿತು. ನವಲೂರಿನ ಇಳಿಜಾರಿನಲ್ಲಿ ವೇಗ ಏರಿತು, ಎದುರುಗಾಳಿ ಬೀಸಿತು, ಗಡಗಡ ಸದ್ದು ಒಮ್ಮೆಲೇ ನಿಂತಿತು. ಎಂಜಿನ್ನು ಸತ್ತಿತೆಂದೇ ಸುಲಭಾಬಾಯಿ ಬಗೆದಳು. ಎಂಜಿನ್ನು ಮೋಟಾರು ಪೆಟ್ರೋಲು ಕುಡಿದು ಹಾಯಾಗಿ ಹಾಡುತ್ತಿತ್ತು; ಸದ್ದು ನಿಲ್ಲಿಸಿದ್ದು ಗಾಲಿಗಳು. ಕೆಳಗೆ ಒಂದು ಚಕ್ಕಡಿ ಸಣ್ಣದಾಯಿತು. ಆಚೆ ಹುಬ್ಬಳ್ಳಿಯೆಲ್ಲ ಬೆಳಗಿನ ಬಿಸಿಲಿನಲ್ಲಿ ಒಂದೇ ಹರಿವಾಣದೊಳಗೆ ಇಟ್ಟಂತೆ ಕಂಡಿತು. ಹಾರಿಸುವ ಕೋಲನ್ನು ಒಂದಿಷ್ಟು ತನ್ನ ಕಡೆ ಎಳೆದುಕೊಂಡರೆ ವಿಮಾನ ಇನ್ನೂ ಮೇಲೇರುತ್ತಿತ್ತು. ಕೈ ಅಲ್ಲಿಗೆ ಹೋಗಿಯೂ ಇತ್ತು.

ಆದರೆ ಠರಾವಿಗೆ ಆಕೆಯದೂ ಸಹಿ ಇತ್ತು. ಕೋಲನ್ನು ಮುಂದಕ್ಕೆ ದೂಡಿ ನೆಲಕ್ಕಿಳಿದಳು.

“ಹಾರೇಬಿಟ್ರಿ ಬಾಯಾರ!” ಅಂತ ಬಡೇಸಾಬ ಕೂಗುತ್ತ ಬಂದ.

“ಹಾರಲಿಲ್ಲೋ. ಜಿಗೀತು.”

“ಅಷ್ಟೊತ್ತನಕ ಜಿಗೀತಾರೇನ್ರಿ?”

ಸಂಘ ವಿಚಾರಣೆ ನಡೆಸಿತು. ವಿಮಾನವು ಪರವಾನಗಿ ಇಲ್ಲದೆ ಮೇಲೆದ್ದದ್ದು ನಿಜವೆಂದೂ, ಅದರಲ್ಲಿ ಪೆಟ್ರೋಲಿನ ತಪ್ಪಾಗಲಿ ಚಾಲಕಿಯ ತಪ್ಪಾಗಲಿ ಇಲ್ಲವೆಂದೂ, ಎಲ್ಲವೂ ರೆಕ್ಕೆಗಳ ಕಿತಾಪತಿಯೆಂದೂ ಕಂಡುಬಂತು. ರಮಾಕಾಂತರಾಯರು ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟು, ಸಹಿ ಮಾಡುವ ಮುಂಚೆ ಪೆನ್ನೆತ್ತಿ ಕೇಳಿದರು: “ತಜ್ಞರು ನೀವ. ಹೇಳ್ರಿ, ರೆಕ್ಕಿ ತಗದರ ಅಪಾಯ ಹೆಚ್ಚೋ, ಕಡಿಮ್ಯೋ?”

ಸುಲಭಾಬಾಯಿ ಪೆನ್ನನ್ನು ನೋಡಿದಳು. ದಿನಾ ಕೇಳುವ ಓಣಿ ನೆನಪಾಯಿತು.

“ಕಡಿಮಿ,” ಅಂದಳು. ಠರಾವನ್ನೂ ಆಕೆಯೇ ಮಂಡಿಸಿದಳು.

ಈಗ ರೆಕ್ಕೆಗಳನ್ನು ಗೋಕುಲ ರಸ್ತೆಯ ಬಯಲಿನಲ್ಲಿ ಕಂಬಗಳ ಮೇಲೆ ಹಾಸಿ ಚಪ್ಪರ ಮಾಡಿದ್ದಾರೆ. ಸಭೆಗೆ ಒಳ್ಳೆಯ ನೆರಳು. ವಿಮಾನವು ದೊಡ್ಡ ರಸ್ತೆಯಲ್ಲೇ ಹೋಗಿಬರುತ್ತದೆ. ಈವರೆಗೆ ಒಂದೂ ಅಪಘಾತವಿಲ್ಲ. ಶೇವಂತೆವ್ವನ ಎಮ್ಮೆ ಕತ್ತೆತ್ತಿಯೂ ನೋಡುವುದಿಲ್ಲ. ಪ್ರಮಾಣಪತ್ರ ಅಂಬಾಬಾಯಿಯ ದೇವರ ಕೋಣೆಯ ಬಾಗಿಲ ಮೇಲಿದೆ.

ಮೊನ್ನೆ ಹಿಂದಿನ ಆಸನದಲ್ಲಿ ಸೆರಗು ಬಿಗಿದು ಕೂತ ಅಂಬಾಬಾಯಿ ಮಗಳ ಭುಜ ಮುಟ್ಟಿದಳು. “ಸುಲಭಾ, ಭಾಳ ಮ್ಯಾಲ ಹೋಗಬ್ಯಾಡವಾ. ನನಗ ತಲಿ ತಿರಗ್ತದ.”

“ಇಲ್ಲವ್ವಾ,” ಅಂದು ವೈಮಾನಿಕಳು ಕೈ ಹೊರಗೆ ಚಾಚಿ ಸನ್ನೆ ಮಾಡಿ, ಮುಂದಿನ ಹುಲ್ಲಿನ ಚಕ್ಕಡಿ ತಿರುಗುವವರೆಗೆ ವಿಮಾನ ನಿಲ್ಲಿಸಿಕೊಂಡಳು.